ಕಾರಣ ನಾಲ್ಕು: ಕೈತಪ್ಪು

ಫಾರಮ್ಮಿನ ಏಳನೆಯ ಪ್ರಶ್ನೆ ಒಂದೇ ಸಾಲಿನದು: ‘ಘಟನೆಯಿಂದ ತಮಗೆ ಭಯವಾಯಿತೇ?’ ಚಿಲ್ಲರೆ ಅಕ್ಕ ‘ಇಲ್ಲ’ ಎಂದು ಬರೆದು ಕೆಳಗೊಂದು ಗೆರೆ ಎಳೆದಳು.

ಗೆರೆ ಎಳೆಯಬೇಕಾಗಿರಲಿಲ್ಲ. ಆದರೆ ಏಳಕ್ಕೆ ‘ಹೌದು’ ಎಂದವರನ್ನು ‘ಚೇತರಿಕೆಗಾಗಿ’ ಹಿಂಬದಿಯ ಗೋದಾಮಿಗೆ ಕಳಿಸುತ್ತಾರೆಂಬುದು ಅಂಗಡಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹಿಂದಿನ ವರ್ಷ ಹಾಗೆ ಚೇತರಿಸಿಕೊಳ್ಳಲು ಹೋದ ಇಬ್ಬರಲ್ಲಿ ಒಬ್ಬಳು ಇನ್ನೂ ಅಲ್ಲೇ ರಟ್ಟಿನ ಪೆಟ್ಟಿಗೆ ಬಿಚ್ಚುತ್ತಿದ್ದಳು. ಇನ್ನೊಬ್ಬಳು ಸೊಂಟ ಹಿಡಿದು ಕೆಲಸ ಬಿಟ್ಟಿದ್ದಳು. ಅಕ್ಕನಿಗೆ ನಲವತ್ತೇಳು. ತನ್ನ ಸೊಂಟದ ಬಗ್ಗೆ ಅವಳಿಗೆ ಯಾವ ಭ್ರಮೆಯೂ ಇರಲಿಲ್ಲ.

ಹದಿನಾಲ್ಕು ವರ್ಷದಿಂದ ಅವಳು ನಾಲ್ಕನೇ ಕೌಂಟರಿನಲ್ಲಿ ಬಿಲ್ಲು ಹಾಕುತ್ತಿದ್ದಳು. ಗಿರಾಕಿ ಬಾಯಿ ತೆರೆಯುವ ಮೊದಲೇ ‘ಚಿಲ್ಲರೆ ಇದೆಯಾ?’ ಎಂದು ಕೇಳುವ ಅಭ್ಯಾಸದಿಂದ ಆ ಹೆಸರು ಬಂದಿತ್ತು. ಊಟದ ಕೋಣೆಯ ಗೋಡೆಗೆ ‘ಚಿಲ್ಲರೆ ವ್ಯಾಪಾರ ನೌಕರರ ರಕ್ಷಣಾ ಕಾಯಿದೆ’ ಎಂಬ ಭಿತ್ತಿಪತ್ರ ಅಂಟಿಸಿದ ದಿನ, ಮೂರನೇ ಕೌಂಟರಿನವಳು ನಕ್ಕು ನಕ್ಕು ಚಹಾ ಚೆಲ್ಲಿಕೊಂಡಿದ್ದಳು. “ಅಕ್ಕ, ನಿಮ್ಮ ಹೆಸರಲ್ಲೇ ಕಾನೂನು ಮಾಡಿದಾರೆ. ನಮ್ಮ ಗತಿ ಏನು?” ಆ ಮೇಲೆ ಆ ಕಾಗದವನ್ನು ಯಾರೂ ಓದಲಿಲ್ಲ. ಅದರ ಒಂದು ಮೂಲೆ ಬಿಟ್ಟುಕೊಂಡು, ಫ್ಯಾನು ತಿರುಗಿದಾಗಲೆಲ್ಲ ಪಟಪಟ ಎನ್ನುತ್ತಿತ್ತು.

ಘಟನೆ ನಡೆದದ್ದು ಬುಧವಾರ ಸಂಜೆ ನಾಲ್ಕೂಕಾಲಿಗೆ. ಪ್ರತಿ ಬುಧವಾರ ಒಂದು ಕಿಲೋ ಹಾಲಿನ ಪುಡಿಯ ಡಬ್ಬ ಒಯ್ಯುತ್ತಿದ್ದ, ಐವತ್ತರ ಆಸುಪಾಸಿನ ಒಬ್ಬ ಗಿರಾಕಿಯಿದ್ದ. ಕೌಂಟರಿನವರು ಅವನನ್ನು ಹಾಲಿನಪುಡಿ ಎಂದೇ ಕರೆಯುತ್ತಿದ್ದರು. ಅಂದು ಅವನು ಹಿಂದಿನ ವಾರದ ಡಬ್ಬವನ್ನೂ ತಂದಿದ್ದ. ಪುಡಿ ಗಂಟುಗಂಟಾಗಿದೆ, ಬದಲಿಸಿ ಕೊಡು ಎಂದ. ಮುಚ್ಚಳ ತೆರೆದಿತ್ತು, ಬಿಲ್ಲಿರಲಿಲ್ಲ. ಅಕ್ಕ ಅವನ ಬುಟ್ಟಿಯಲ್ಲಿದ್ದ ಸೋಪನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಸ್ಕ್ಯಾನರನ್ನು ಅದಕ್ಕೆ ತೋರಿಸುತ್ತಲೇ, “ತೆರೆದ ಡಬ್ಬ ತಗೊಳ್ಳೋಕೆ ಬರಲ್ಲ ಸಾರ್” ಎಂದಳು. ಅವನು ಡಬ್ಬವನ್ನು ಎರಡು ಕೈಯಲ್ಲಿ ಅವಳ ತಲೆಯ ಮೇಲಕ್ಕೆ ಎತ್ತಿದ. “ಬರಲ್ವಾ? ಬರಲ್ವಾ ಈಗ?” ಎಂದ. ಒಂದಷ್ಟು ಹೊತ್ತು ಹಾಗೇ ನಿಂತು, ಆಮೇಲೆ ಡಬ್ಬ ಇಳಿಸಿ, “ನಿನ್ನ ಮುಖ ನೆನಪಿಟ್ಕೊಂಡಿದೀನಿ. ಬುಧವಾರ ಬರ್ತೀನಲ್ಲ” ಎಂದು ಹೇಳಿ, ಸೋಪನ್ನು ಅಲ್ಲೇ ಬಿಟ್ಟು ಹೋದ.

ಅವನು ಹೋದ ಮೇಲೆ ಅಕ್ಕ ಪರದೆ ನೋಡಿದಳು. ಒಂದಕ್ಕೆ ಬದಲು ಹನ್ನೊಂದು ಸೋಪು ಬಿದ್ದಿದ್ದವು. ಹನ್ನೊಂದನ್ನೂ ಒಂದೊಂದಾಗಿ ತೆಗೆದಳು. ಪ್ರತಿ ಸಲವೂ ಯಂತ್ರ ಕಾರಣ ಕೇಳುತ್ತದೆ. ಆರು ಕಾರಣಗಳ ಪಟ್ಟಿಯಲ್ಲಿ ನಾಲ್ಕನೆಯದು ಕೈತಪ್ಪು. ಆರನೆಯದು ‘ಇತರೆ’, ಅದಕ್ಕೆ ಮ್ಯಾನೇಜರ್ ಬಂದು ಕೀಲಿ ತಿರುಗಿಸಬೇಕು. ನಾಲ್ಕು, ನಾಲ್ಕು, ನಾಲ್ಕು ಎಂದು ಒತ್ತುತ್ತ ಹೋದಳು. ಸಾಲಿನಲ್ಲಿ ಮುಂದಿನವರು ಕಾಯುತ್ತಿದ್ದರು.

ಮರುದಿನ ಫಾರಮ್ಮು ತುಂಬಿಸಿದಾಗ ಮ್ಯಾನೇಜರ್ ಕೇಳಿದ್ದಿಷ್ಟು:

“ಮೈ ಮುಟ್ಟಿದ್ನಾ ಮೇಡಂ?”

“ಇಲ್ಲ ಸಾರ್.”

“ಡಬ್ಬ ತಗುಲಿತಾ?”

“ಇಲ್ಲ.”

“ಕೈ ಮಾಡಿದ್ನಾ?”

“ಕೈ ಎತ್ತಿದ. ಮಾಡಲಿಲ್ಲ.”

ಮ್ಯಾನೇಜರ್ ಅವಳಿಗಿಂತ ಹನ್ನೆರಡು ವರ್ಷ ಚಿಕ್ಕವನು. ಕೆಟ್ಟವನಲ್ಲ. ಅವನ ಕೋಣೆಯ ಗೋಡೆಯಾಚೆ ಶೀತಲ ಉಗ್ರಾಣದ ಯಂತ್ರ ಗುರುಗುಟ್ಟುತ್ತಿತ್ತು. ಅದರ ಜೊತೆಗೇ ಬಾಳಿ ಅವನು ಸ್ವಲ್ಪ ಜೋರಾಗಿ ಮಾತಾಡುವುದನ್ನು ರೂಢಿಸಿಕೊಂಡಿದ್ದ. ಫಾರಮ್ಮಿನ ತುದಿಯಲ್ಲಿ ಎರಡು ಚೌಕಗಳಿದ್ದವು: ‘ಅ’ ಎಂದರೆ ಮಾತಿನ ಚಕಮಕಿ, ‘ಆ’ ಎಂದರೆ ಹಲ್ಲೆ. ಅವನು ‘ಅ’ಕ್ಕೆ ಗುರುತು ಹಾಕಿದ.

ಆ ಗುರುತಿಗೆ ಏನರ್ಥ ಎಂಬುದು ಅಕ್ಕನಿಗೆ ತಿಳಿದದ್ದು ಶುಕ್ರವಾರ. ‘ಆ’ ಆದರೆ ಪೊಲೀಸರಿಗೆ ವರದಿ ಹೋಗುತ್ತದೆ, ಗಿರಾಕಿಯ ಸದಸ್ಯತ್ವದ ಕಾರ್ಡು ರದ್ದಾಗುತ್ತದೆ, ಒಂದು ವರ್ಷ ಬಾಗಿಲಿನಲ್ಲೇ ತಡೆಯುತ್ತಾರೆ. ‘ಅ’ ಆದರೆ ಏನೂ ಇಲ್ಲ. ಅವನು ಬುಧವಾರ ಬರಬಹುದು, ನಾಲ್ಕನೇ ಕೌಂಟರಿಗೇ ಬರಬಹುದು.

“ಬುಧವಾರ ಒಂದು ದಿನ ನನ್ನ ಹಣ್ಣಿನ ವಿಭಾಗಕ್ಕೆ ಹಾಕಿ ಸಾರ್.”

“ಪಾಳಿ ಪಟ್ಟಿ ಮೇಲಿಂದ ಬರುತ್ತೆ ಮೇಡಂ. ನನ್ನ ಕೈಯಲ್ಲಿಲ್ಲ.” ಅವನು ಕಣ್ಣುಜ್ಜಿಕೊಂಡ. “ಫಾರಂ ಮಂಗಳವಾರ ಸಂಜೆ ಹೋಗುತ್ತೆ. ಬದಲಾಯಿಸೋಕೆ ಏನಾದ್ರೂ ಆಧಾರ ಬೇಕಲ್ಲ. ಕ್ಯಾಮೆರಾ ನೋಡಿದೆ. ಅದರಲ್ಲಿ ಅವನ ಮುಖಾನೇ ಇಲ್ಲ.”

ಇರುವುದು ಸಾಧ್ಯವೂ ಇರಲಿಲ್ಲ. ಕೌಂಟರಿನ ಮೇಲಿನ ಕ್ಯಾಮೆರಾ ನೋಡುವುದು ಗಲ್ಲಾಪೆಟ್ಟಿಗೆಯನ್ನು ಮತ್ತು ಬಿಲ್ಲು ಹಾಕುವವರ ಕೈಗಳನ್ನು ಮಾತ್ರ.

ಹೊರಗೆ ಬಂದಾಗ ಮೂರನೇ ಕೌಂಟರಿನವಳು ಕೈ ಒರೆಸಿಕೊಳ್ಳುತ್ತ ಕೇಳಿದಳು. “ಏನಂತೆ ಅಕ್ಕ?”

“ಚಕಮಕಿಯಂತೆ.”

“ನಾನು ತಿರುಗಿ ನೋಡಿದ್ರೆ ಸಾಕ್ಷಿ ಹೇಳ್ತಿದ್ದೆ. ಬೆನ್ನು ಹಾಕಿದ್ದೆ. ಕುಯ್ ಕುಯ್ ಕುಯ್ ಅಂತ ಸದ್ದು ಕೇಳಿಸ್ತು, ನಿಮ್ಮ ಮಿಷನ್ನಿಗೆ ಏನೋ ಬಂತು ಅಂದ್ಕೊಂಡೆ.”

“ನಾನು ಅಲ್ಲಾಡಲಿಲ್ಲ, ಗೊತ್ತಾ?” ಎಂದಳು ಅಕ್ಕ. “ಕಂಬದ ಹಾಗೆ ನಿಂತಿದ್ದೆ.”

“ನೀವು ಅಲ್ಲಾಡೋ ಪೈಕಿ ಅಲ್ಲ ಬಿಡಿ.”

ಶನಿವಾರ, ಭಾನುವಾರ ಅಂಗಡಿ ತುಂಬಿತ್ತು. ಅಕ್ಕ ಒಂಬತ್ತು ಒಂಬತ್ತು ಗಂಟೆ ನಿಂತಳು. ಕೆಲಸದ ದಣಿವು ಅವಳಿಗೆ ಗೊತ್ತಿತ್ತು. ಅದು ಹಿಮ್ಮಡಿಯಿಂದ ಶುರುವಾಗಿ ಮೊಣಕಾಲಿಗೆ ಬಂದು ನಿಲ್ಲುತ್ತಿತ್ತು. ಈಗಿನದು ಹಾಗಿರಲಿಲ್ಲ. ಬೆಳಿಗ್ಗೆ ಏಳುವಾಗಲೇ ಹೆಗಲಿನಲ್ಲಿ ಇರುತ್ತಿತ್ತು. ಬಾಗಿಲು ತೆರೆದಾಗಲೆಲ್ಲ ತಲೆಯೆತ್ತಿ ನೋಡುತ್ತಿದ್ದಳು. ನೋಡುತ್ತಿದ್ದೇನೆಂಬುದು ನೋಡಿದ ಮೇಲೆ ತಿಳಿಯುತ್ತಿತ್ತು.

ಸೋಮವಾರ ಸಂಬಳದ ಚೀಟಿಯಷ್ಟೇ ಉದ್ದದ ಇನ್ನೊಂದು ಚೀಟಿ ಅಂಗಡಿಯಲ್ಲಿನ ಅವಳ ಬೀರುವಿನ ಸಂದಿಯಲ್ಲಿ ಸಿಕ್ಕಿಸಿತ್ತು. ಯಂತ್ರವೇ ಮುದ್ರಿಸಿ ಕಳಿಸಿದ್ದು. ‘ಈ ತಿಂಗಳು ತಮ್ಮ ಕೈತಪ್ಪುಗಳ ಸಂಖ್ಯೆ ಇಪ್ಪತ್ತಮೂರು. ಮಿತಿ ಇಪ್ಪತ್ತು. ಗಮನವಿಟ್ಟು ಕೆಲಸ ಮಾಡಿ.’ ಕೆಳಗೆ ಪಟ್ಟಿ. ಪಟ್ಟಿಯಲ್ಲಿ ಹನ್ನೊಂದು ಸೋಪು, ಒಂದರ ಕೆಳಗೊಂದು.

ಅಕ್ಕ ಅದನ್ನು ಮಡಚಿ ಚೀಲಕ್ಕೆ ಹಾಕಿದಳು. ಅವಳಿಗೆ ಸಿಟ್ಟು ಕೂಡ ಬರಲಿಲ್ಲ.

ಮನೆಯಲ್ಲಿ ಮಾವ ಊಟದ ಮೇಜಿನ ಮೇಲೆ ಕನ್ನಡಕ, ಭೂತಗನ್ನಡಿ, ವಾರದ ಹಳೆಯ ಪತ್ರಿಕೆ ಹರಡಿಕೊಂಡು ಕೂತಿದ್ದರು. ಅವರು ಮೂವತ್ತೊಂದು ವರ್ಷ ಅಂಗಡಿ ಅಂಗಡಿ ತಿರುಗಿ ತಕ್ಕಡಿ ಮತ್ತು ತೂಕದ ಬಟ್ಟು ಪರೀಕ್ಷಿಸುವ ಕೆಲಸದಲ್ಲಿದ್ದವರು. ಅಚ್ಚಾದ ಯಾವುದೇ ಕಾಗದ ಸಿಕ್ಕರೂ ಬಿಡುತ್ತಿರಲಿಲ್ಲ. ಔಷಧಿ ಡಬ್ಬಿಯೊಳಗಿನ ಸಣ್ಣ ಅಕ್ಷರದ ಹಾಳೆಯನ್ನೂ ಕೊನೆಯವರೆಗೆ ಓದಿ, ಎರಡು ಕಡೆ ಅಚ್ಚಿನ ತಪ್ಪಿದೆ ಎನ್ನುತ್ತಿದ್ದರು. ಅಕ್ಕ ನೀರು ಕುಡಿಯುವಷ್ಟರಲ್ಲಿ ಚೀಟಿ ಅವರ ಕೈಗೆ ಹೋಗಿತ್ತು.

“ಇದೇನಮ್ಮ, ನಾಲ್ಕು ಗಂಟೆ ಹದಿನೇಳು ನಿಮಿಷ ಮೂವತ್ತೆರಡು ಸೆಕೆಂಡಿಗೆ ಒಂದು ಸೋಪು. ಮೂವತ್ತಾರಕ್ಕೆ ಕೊನೇದು. ನಾಲ್ಕು ಸೆಕೆಂಡಲ್ಲಿ ಹನ್ನೊಂದು ಸೋಪು ಓದಿಸಿದ್ಯಾ?”

“ಕೈತಪ್ಪು ಮಾವ.”

“ಕೈ ತಪ್ಪಿದ್ರೆ ಎರಡಾಗುತ್ತೆ. ಮೂರಾಗುತ್ತೆ. ಹನ್ನೊಂದು ಹೇಗಾಗುತ್ತೆ?”

ಸೋಫಾದ ಮೇಲೆ ಕಾಲು ಚಾಚಿದ್ದ ಗಂಡ ಕಣ್ಣು ತೆರೆಯದೆ ಹೇಳಿದ, “ಅಪ್ಪ, ಅವಳು ಈಗ ತಾನೆ ಬಂದಿದಾಳೆ.” ಅವನು ಬಸ್ಸಿನ ಚಾಲಕ. ಬೆಳಗಿನ ಪಾಳಿ ಮುಗಿಸಿ ಬಂದಿದ್ದ. ಬುಧವಾರದ ಸಂಗತಿ ಕೇಳಿದಾಗ ಅವನು, “ಹೊಡೆದಿಲ್ಲ ತಾನೆ? ಬಿಡು. ನನಗೆ ದಿನಕ್ಕೆ ಹತ್ತು ಜನ ಬಯ್ತಾರೆ” ಎಂದಿದ್ದ.

“ಒಂದು ನಿಮಿಷ ಇರೋ. ಹೇಗಮ್ಮ ಆಗುತ್ತೆ?”

“ಗುಂಡಿ ಒತ್ತಿ ಹಿಡಿದ್ರೆ ಬಿಡೋವರೆಗೂ ಓದ್ತಾನೇ ಇರುತ್ತೆ. ಬೇಗ ಬೇಗ ಕೆಲಸ ಆಗಲಿ ಅಂತ ಹಾಗಿಟ್ಟಿದಾರೆ.”

“ಸರಿ. ಆದರೆ ಸೋಪೂ ಅದರ ಮುಂದೇನೇ ಇರಬೇಕಲ್ಲ, ನಾಲ್ಕು ಸೆಕೆಂಡೂ? ಹೇಗೆ ಹಿಡಿದಿದ್ದೆ? ತೋರಿಸು.”

ಮಾವನ ಈ ಬಗೆಯ ಪ್ರಶ್ನೆಗೆ ಉತ್ತರ ಕೊಡುವುದೇ ಸುಲಭ, ತಪ್ಪಿಸಿಕೊಳ್ಳುವುದು ಕಷ್ಟ. ಅಕ್ಕ ಎಡಗೈಗೆ ಮೇಜಿನ ಮೇಲಿದ್ದ ಕನ್ನಡಕದ ಪೆಟ್ಟಿಗೆ ತೆಗೆದುಕೊಂಡಳು, ಬಲಗೈಗೆ ಭೂತಗನ್ನಡಿ. ಕೌಂಟರಿನ ಎತ್ತರಕ್ಕೆ ಹಿಡಿದಳು. ಹಾಗೆ ಹಿಡಿದರೆ ಎರಡರ ನಡುವೆ ಒಂದು ಮೊಳ ಅಂತರ. ಒಂದು ಸಲ ಓದಿಸಿ ಸರಿಸುವ ಕೈಗಳು ಅವು. ಹನ್ನೊಂದು ಸಲ ಓದಿಸುವ ಕೈಗಳಲ್ಲ.

“ಅವನು ಡಬ್ಬ ಎತ್ತಿದ್ದು ಎಲ್ಲಿಗೆ?” ಎಂದರು ಮಾವ. ಪಕ್ಕದಲ್ಲಿದ್ದ ದಿಂಬನ್ನು ಎರಡು ಕೈಯಲ್ಲಿ ಹಿಡಿದು, ಕೂತಲ್ಲಿಂದ ಎದ್ದು, ತಲೆಯ ಮೇಲಕ್ಕೆತ್ತಿದರು. “ಇಲ್ಲಿಗಾ?”

ಎಪ್ಪತ್ತೆಂಟರ ಮುದುಕ, ಕೈಯಲ್ಲಿ ದಿಂಬು. ಆದರೂ ಅಕ್ಕನ ಎರಡೂ ಕೈ ಮುಖದ ಮುಂದೆ ಬಂದವು. ಕನ್ನಡಕದ ಪೆಟ್ಟಿಗೆ ಹಣೆಯ ಹತ್ತಿರ, ಭೂತಗನ್ನಡಿ ಗೇಣಿನಷ್ಟು ದೂರದಲ್ಲಿ ಅದಕ್ಕೇ ಮುಖ ಮಾಡಿ. ಬೆರಳು ಹಿಡಿಯನ್ನು ಬಿಗಿಯಾಗಿ ಒತ್ತಿತ್ತು.

ಮಾವ ದಿಂಬನ್ನು ಮೆಲ್ಲಗೆ ಇಳಿಸಿದರು. ಗಂಡ ಎದ್ದು ಕೂತಿದ್ದ.

“ನಾನು ಕಂಬದ ಹಾಗೆ ನಿಂತಿದ್ದೆ ಅಂದ್ಕೊಂಡಿದ್ದೆ,” ಎಂದಳು ಅಕ್ಕ.

ಪೆಟ್ಟಿಗೆ, ಭೂತಗನ್ನಡಿ ಎರಡನ್ನೂ ಮೇಜಿನ ಮೇಲಿಟ್ಟಳು. ಆಮೇಲೆ ಗಂಡ, “ಅಡ್ಡ ಬಂದ್ರೆ ನನ್ನ ಕಾಲು ತಾನಾಗೇ ಬ್ರೇಕಿಗೆ ಹೋಗುತ್ತೆ. ಹೆದರೋದು ಆಮೇಲೆ, ಬಸ್ಸು ನಿಂತ ಮೇಲೆ” ಎಂದ. ತನಗೇ ಹೇಳಿಕೊಂಡ ಹಾಗಿತ್ತು. ಎದ್ದು ಹೋಗಿ ಅವಳಿಗೆ ಚಹಾ ಇಟ್ಟ.

ಅಕ್ಕನಿಗೆ ಊಟದ ಕೋಣೆಯ ಭಿತ್ತಿಪತ್ರ ನೆನಪಾಯಿತು. ಮೂರನೇ ಕೌಂಟರಿನವಳಿಗೆ ಸಂಜೆ ಪಾಳಿ. ಫೋನು ಮಾಡಿದರೆ ಫೋಟೋ ತೆಗೆದು ಕಳಿಸಿದಳು, ಜೊತೆಗೆ ‘ನಿಮ್ಮ ಕಾನೂನು, ನೀವೇ ಓದಿ’ ಎಂಬ ಸಾಲು. ಮಾವ ಫೋನಿನ ಮೇಲೆ ಭೂತಗನ್ನಡಿ ಹಿಡಿದು ಓದಿದರು. ಅಕ್ಷರವನ್ನು ದೊಡ್ಡದು ಮಾಡಬಹುದೆಂದು ಹೇಳಿದರೂ ಕೇಳಲಿಲ್ಲ.

“‘ಯಾರು ಸನ್ನೆಯಿಂದಾಗಲಿ, ಸಿದ್ಧತೆಯಿಂದಾಗಲಿ, ತಾನು ಕೂಡಲೇ ಬಲಪ್ರಯೋಗ ಮಾಡಲಿರುವೆನೆಂದು ಎದುರಿನ ನೌಕರರಿಗೆ ಅನಿಸುವಂತೆ ವರ್ತಿಸುವರೋ, ಅವರು ಹಲ್ಲೆ ಮಾಡಿದವರೆನಿಸತಕ್ಕದ್ದು. ಮೈ ಮುಟ್ಟಿರಬೇಕೆಂಬ ನಿಯಮವಿಲ್ಲ. ಬರಿಯ ಮಾತು ಹಲ್ಲೆಯಾಗದು; ಆದರೆ ಮಾತು ಸನ್ನೆಯ ಅರ್ಥವನ್ನು ತಿಳಿಸಬಹುದು.’” ಅವರು ಮತ್ತೊಮ್ಮೆ ಓದಿದರು, ಈ ಸಲ ಮನಸ್ಸಿನಲ್ಲೇ. “ಇದರಲ್ಲಿ ಭಯ ಅನ್ನೋ ಪದ ಎಲ್ಲಿದೆ?”

“ಫಾರಮ್ಮಲ್ಲಿದೆ ಮಾವ. ಏಳನೇ ಪ್ರಶ್ನೆ. ನಾನು ಇಲ್ಲ ಅಂತ ಬರೆದಿದೀನಿ.”

“ಫಾರಂ ಮಾಡಿದವನು ಕಾನೂನು ಓದಿಲ್ಲ. ಕಾನೂನು ಕೇಳ್ತಿರೋದು ನಿನಗೆ ಭಯ ಆಯ್ತಾ ಅಂತ ಅಲ್ಲ, ಪೆಟ್ಟು ಬೀಳುತ್ತೆ ಅಂತ ಅನ್ನಿಸ್ತಾ ಅಂತ. ಎರಡೂ ಒಂದೇ ಅಲ್ಲಮ್ಮ. ನೀನು ಹೆದರಿಲ್ಲ ಅನ್ನೋದನ್ನ ಹಾಗೇ ಇಟ್ಕೋ. ಅದು ನಿನ್ನದು. ಅನ್ನಿಸ್ತು ಅನ್ನೋದಕ್ಕೆ ಈ ಚೀಟಿ ಇದೆ.” ಚೀಟಿಯನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಸವರಿ ಮಡಿಕೆ ತೆಗೆದರು. “ಸಾಕ್ಷಿ ಹೇಳೋಕೆ ಜನ ಸಿಗಲ್ಲ. ಸೋಪು ಸಿಕ್ಕಿದೆ.”

ಮಂಗಳವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅಕ್ಕ ಮ್ಯಾನೇಜರನ ಕೋಣೆಗೆ ಹೋದಳು. ಅವನು ಎಡಗೈಯಲ್ಲಿ ತಿನ್ನುತ್ತ ಬಲಗೈಯಲ್ಲಿ ಟೈಪು ಮಾಡುತ್ತಿದ್ದ. ಚೀಟಿಯನ್ನು ನೋಡಿ ಮೊದಲು ತಪ್ಪು ತಿಳಿದ.

“ಇದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ ಮೇಡಂ. ನಂಗೂ ಬರುತ್ತೆ ಇಂಥವು.”

“ಸಮಯ ನೋಡಿ ಸಾರ್.”

ಅವನು ನೋಡಿದ. ಅಕ್ಕ ಹೇಳಿದಳು. ಕೈ ಹೇಗೆ ಬಂತೆಂದು ತೋರಿಸಬೇಕಾಯಿತು. ಮನೆಯಲ್ಲಿ ತೋರಿಸಿದ್ದಕ್ಕಿಂತ ಇಲ್ಲಿ ಕಷ್ಟವಾಯಿತು. ಮ್ಯಾನೇಜರ್ ತಿನ್ನುವುದನ್ನು ನಿಲ್ಲಿಸಿ, ಕಂಪ್ಯೂಟರಿನಲ್ಲಿ ಬುಧವಾರದ ದೃಶ್ಯ ತೆರೆದ. ಗಲ್ಲಾಪೆಟ್ಟಿಗೆ, ಕೌಂಟರಿನ ಅಂಚು, ಅವಳ ಎರಡು ಕೈಗಳು, ಒಂದರಲ್ಲಿ ಸೋಪು. ಮೂವತ್ತೆರಡನೇ ಸೆಕೆಂಡಿಗೆ ಕೈಗಳು ಚೌಕಟ್ಟಿನಿಂದ ಮೇಲಕ್ಕೆ ಹೋದವು. ಖಾಲಿ ಕೌಂಟರು. ಮೂವತ್ತಾರು ದಾಟಿದ ಮೇಲೆ ಕೈಗಳು ಮತ್ತೆ ಬಂದವು. ಸೋಪನ್ನು ಇಡಲು ಎರಡು ಸಲ ಪ್ರಯತ್ನಿಸಿದವು.

“ಇದನ್ನ ನಾನು ನೋಡಿದ್ದೆ,” ಎಂದ ಮ್ಯಾನೇಜರ್. “ಏನೂ ಇಲ್ಲ ಅಂದ್ಕೊಂಡೆ.”

ಗೋಡೆಯಾಚೆಯ ಯಂತ್ರ ಗುರುಗುಟ್ಟಿ ನಿಂತಿತು.

“ಆದರೆ ಏಳನೇದಕ್ಕೆ ಇಲ್ಲ ಅಂತ ಬರೆದಿದೀರಲ್ಲ. ಅದಕ್ಕೆ ಗೆರೆ ಬೇರೆ ಎಳೆದಿದೀರಿ. ಅದನ್ನ ಹೌದು ಮಾಡಿದ್ರೆ ನಾನು ನಿಮ್ಮನ್ನ ಗೋದಾಮಿಗೆ ಕಳಿಸಲೇಬೇಕು.”

“ಅದು ಇಲ್ಲ ಅಂತಾನೇ ಇರಲಿ. ಕೆಳಗೆ ಜಾಗ ಇದೆ, ಅಲ್ಲಿ ಬರೀತೀನಿ.” ಫಾರಮ್ಮು ತೆಗೆದುಕೊಂಡು, ಏಳರ ಕೆಳಗಿನ ಖಾಲಿ ಸಾಲಿನಲ್ಲಿ ಬರೆದಳು: ‘ಡಬ್ಬದಿಂದ ತಲೆಗೆ ಹೊಡೆಯುತ್ತಾನೆ ಎಂದು ಅನ್ನಿಸಿತು. ಕೈ ಅಡ್ಡ ಹಿಡಿದೆ.’ ಬರೆದು ಮುಗಿಸಿದಾಗ ಅವಳಿಗೆ ಆರು ದಿನದಲ್ಲಿ ಮೊದಲ ಬಾರಿಗೆ ಭಯವಾಯಿತು. ಪೆನ್ನನ್ನು ಮೇಜಿನ ಮೇಲೆ ಇಟ್ಟಳು.

ಮ್ಯಾನೇಜರ್ ‘ಅ’ವನ್ನು ಹೊಡೆದುಹಾಕಿ ‘ಆ’ಕ್ಕೆ ಗುರುತು ಹಾಕಿ, ಪಕ್ಕದಲ್ಲಿ ಸಹಿ ಮಾಡಿದ. ಆಮೇಲೆ ನಿಟ್ಟುಸಿರು ಬಿಟ್ಟ. “ಇನ್ನೊಂದಿದೆ ಮೇಡಂ. ಯಂತ್ರದಲ್ಲಿ ಹನ್ನೊಂದೂ ಕೈತಪ್ಪು ಅಂತಿದೆ. ಫಾರಂ ಒಂದು ಹೇಳಿ ಯಂತ್ರ ಒಂದು ಹೇಳಿದ್ರೆ ಮೇಲಿನವರು ವಾಪಸ್ ಕಳಿಸ್ತಾರೆ. ಕಾರಣ ತಿದ್ದಬೇಕು. ಒಂದೊಂದಾಗಿ.”

“ಒಟ್ಟಿಗೆ ಆಗಲ್ವಾ?”

“ಒಟ್ಟಿಗೆ ಆಗೋ ಹಾಗಿದ್ರೆ ನಾವು ಯಾಕಿರ್ತಿದ್ವಿ?”

ಅವನು ಕೀಲಿ ತಂದ. ಮೊದಲ ಸೋಪು. ಕಾರಣ ನಾಲ್ಕು ಅಳಿಸಿ, ಆರು: ಇತರೆ. ವಿವರಿಸಿ ಎಂದು ಯಂತ್ರ ಕೇಳಿತು. ಅವನು ‘ಹಲ್ಲೆ’ ಎಂದು ಹೊಡೆದು ಕೀಲಿ ತಿರುಗಿಸಿದ. ಎರಡನೇ ಸೋಪು. ಹಲ್ಲೆ. ಮೂರು. ಹಲ್ಲೆ. ಐದನೆಯದರಲ್ಲಿ ಅವನು ‘ಹಳ್ಳೆ’ ಎಂದು ತಪ್ಪಾಗಿ ಹೊಡೆದ. ಅಕ್ಕ ತೋರಿಸಿಕೊಟ್ಟಳು, ತಿದ್ದಿದ. ಏಳರ ಹೊತ್ತಿಗೆ ಇಬ್ಬರಿಗೂ ಆಕಳಿಕೆ ಬಂತು.

“ಹತ್ತು,” ಎಂದ ಮ್ಯಾನೇಜರ್. “ಹೋದ ವರ್ಷ ನನ್ನ ಮೇಲೂ ಒಬ್ಬ ತಳ್ಳುಗಾಡಿ ನುಗ್ಗಿಸಿದ್ದ. ಕಾಲ ಹತ್ತಿರ ಬಂದು ನಿಲ್ಲಿಸಿದ.”

“ಏನಂತ ಬರೆದ್ರಿ?”

“ಬರೀಲೇ ಇಲ್ಲ.” ಕೀಲಿ ತಿರುಗಿಸಿದ. “ಹನ್ನೊಂದು.”

ಬುಧವಾರ ಬಾಗಿಲಿನ ಕಾವಲುಗಾರನ ಮೇಜಿನಲ್ಲಿ ಕಾರ್ಡಿನಿಂದ ತೆಗೆದ ಒಂದು ಫೋಟೋ ಇತ್ತು. ನಾಲ್ಕು ಗಂಟೆಯಾಯಿತು. ನಾಲ್ಕೂಕಾಲಾಯಿತು. ಅವನು ಬರಲಿಲ್ಲ. ಅಥವಾ ಬಂದು ಹೋಗಿದ್ದನೋ. ಅಕ್ಕ ಕಾವಲುಗಾರನನ್ನು ಕೇಳಲಿಲ್ಲ. ಐದರ ಹೊತ್ತಿಗೆ ಅವಳ ಹೆಗಲು ಸ್ವಲ್ಪ ಇಳಿಯಿತು. ಮೂರನೇ ಕೌಂಟರಿನವಳು ಈ ಕಡೆ ಬಗ್ಗಿ, “ನೋಡಿದ್ರಾ, ನಿಮ್ಮ ಹೆಸರಿನ ಕಾನೂನಿಗೆ ಬೆಲೆ ಇದೆ” ಎಂದಳು.

ಐದೂವರೆಗೆ ಒಬ್ಬ ಮುದುಕಿ ನಾಲ್ಕನೇ ಕೌಂಟರಿಗೆ ಬಂದಳು. ಹಾಲಿನ ಪುಡಿಯ ಡಬ್ಬವೊಂದನ್ನೇ ಎದೆಗವಚಿಕೊಂಡಿದ್ದಳು. ಕೌಂಟರು ಅವಳ ಭುಜದಷ್ಟು ಎತ್ತರ.

“ಚಿಲ್ಲರೆ ಇದೆಯಾ ಅಮ್ಮ?”

“ಇದೆ ಇದೆ. ನನ್ನ ಮಗ ಹೇಳಿದ್ದ, ಇಲ್ಲಿ ಚಿಲ್ಲರೆ ಕೇಳ್ತಾರೆ ಅಂತ. ಪ್ರತಿ ವಾರ ಅವನೇ ಬರ್ತಿದ್ದ. ಇನ್ನು ಮೇಲೆ ಅವನಿಗೆ ಪುರುಸೊತ್ತಾಗಲ್ವಂತೆ.” ಉಸಿರು ತೆಗೆದುಕೊಂಡಳು. “ಎರಡು ಬಸ್ಸು ಬದಲಾಯಿಸಬೇಕು. ಹಲ್ಲಿಲ್ಲ ನೋಡು, ನನಗೆ ಇದೇ ಊಟ. ಹೋದ ಸಲದ್ದು ಗಂಟಾಗಿತ್ತು. ಯಾಕೆ ನೋಡಿ ತರಲ್ಲ ಅಂತ ನಾನೇ ಅವನ ಮೇಲೆ ರೇಗಿದ್ದೆ.”

ಅಕ್ಕ ಸ್ಕ್ಯಾನರ್ ಕೈಗೆತ್ತಿಕೊಂಡಳು. ಮುದುಕಿ ಡಬ್ಬವನ್ನು ಕೌಂಟರಿನ ಮೇಲಿಡಲು ಎರಡು ಕೈಯಲ್ಲಿ ಹಿಡಿದು ತಲೆಗಿಂತ ಮೇಲಕ್ಕೆ ಎತ್ತಿದಳು. ಸ್ಕ್ಯಾನರ್ ಕುಯ್, ಕುಯ್ ಎಂದಿತು.

“ಎರಡು ಸಲ ಕೂಗಿತಲ್ಲಮ್ಮ?”

“ಒಂದು ತೆಗೀತೀನಿ ಇರಿ.”

ಪರದೆಯ ಮೇಲೆ ಆರು ಕಾರಣಗಳು ಬಂದು ನಿಂತವು. ಅಕ್ಕ ಅವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಆರನ್ನು ಒತ್ತಿದರೆ ಮ್ಯಾನೇಜರ್ ಬರಬೇಕು, ಮುದುಕಿ ನಿಲ್ಲಬೇಕು, ವಿವರಿಸಬೇಕು. ಏನೆಂದು? ಅವಳು ನಾಲ್ಕನ್ನು ಒತ್ತಿದಳು. ಹೊಸ ತಿಂಗಳಿನ ಮೊದಲನೆಯದು.

ಆಮೇಲೆ ಡಬ್ಬವನ್ನು ಬೆಳಕಿಗೆ ಹಿಡಿದು ಮುಚ್ಚಳದ ಸೀಲು ನೋಡಿದಳು, ಕಿವಿಯ ಹತ್ತಿರ ತಂದು ಅಲ್ಲಾಡಿಸಿದಳು. ಪುಡಿ ಸಡಿಲವಾಗಿ ಸರಿದಾಡಿದ ಸದ್ದು ಬಂತು.

“ಇದು ಚೆನ್ನಾಗಿದೆ,” ಎಂದಳು. “ಬಿಲ್ಲು ಜೋಪಾನವಾಗಿ ಇಟ್ಕೊಳ್ಳಿ ಅಮ್ಮ. ತೆರೆದ ಮೇಲೆ ಬದಲಾಯಿಸೋಕೆ ಬರಲ್ಲ.”